ಇಶಾದ ನಂತರದ ಒಂದು ರಿಂಗ್

ಜುಬೈಲ್
21 ಫೆಬ್ರವರಿ 2025, ಶುಕ್ರವಾರ

ಪ್ರೀತಿಯ ತಂಗಿ ಹಲೀಮತ್‌ಗೆ ನಿನ್ನ ಅಕ್ಕ ರಮ್ಲತ್ ಹೇಳುವ ಸಲಾಂ.

ಕ್ಷೇಮವಾ ಎಂದು ಕೇಳುವ ಮುಖ ನನಗಿಲ್ಲ. ಹನ್ನೊಂದು ವರ್ಷದ ಮಗಳನ್ನು ಮಣ್ಣಿಗಿಟ್ಟು ನಲವತ್ತು ದಿನ ತುಂಬದ ತಾಯಿಗೆ ಬೇರೆಯವರು ಏನೇನೋ ಸಮಾಧಾನ ಹೇಳುತ್ತಿರಬಹುದು. ಅಲ್ಲಾಹನ ಇಚ್ಛೆ, ಸ್ವರ್ಗದ ಹಕ್ಕಿ ಆಗಿದ್ದಾಳೆ ಎಂದೆಲ್ಲ. ನನಗೆ ಅದನ್ನು ಹೇಳಲಿಕ್ಕೆ ನಾಲಿಗೆ ಏಳುವುದಿಲ್ಲ ಮಾರಾಯ್ತಿ. 

ಅನಸನನ್ನು ಜುಬೈಲಿಗೆ ಕಳಿಸುತ್ತೇನೆ, ನಿನ್ನ ಹತ್ತಿರ ಇಟ್ಟುಕೋ, ಇನ್ನೊಂದು ಮಗುವನ್ನು ಈ ಅಮೆರಿಕದ ಶಾಲೆಗೆ ಕಳಿಸಲಿಕ್ಕೆ ನನ್ನಿಂದ ಸಾಧ್ಯವೇ ಇಲ್ಲ ಎಂದು ನೀನು ಹೇಳಿ ಎಂಟು ದಿನವಾಯಿತು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನೀನು ಇವರಿಗೆ ಫೋನ್ ಮಾಡಿ, ಎಂತ ಭಾವ, ಅಕ್ಕನಿಗೆ ನನ್ನ ಮಗ ಭಾರವಾ ಎಂದು ಕೇಳಿದೆಯಂತೆ. ಫಾರೂಕರು ನನ್ನನ್ನು ಚೆನ್ನಾಗಿ ಬೈದರು. ಕಂಪನಿಯ ಆಫೀಸಿನಲ್ಲಿ ವಿಚಾರಿಸಿಯೂ ಬಂದಿದ್ದಾರೆ. ಹೆಂಡತಿಯ ತಂಗಿಯ ಮಗನಿಗೆ ಇಲ್ಲಿ ವಾಸಿಸುವ ಇಕಾಮಾ ಪರವಾನಗಿ ಆಗುವುದಿಲ್ಲವಂತೆ. ವಿಸಿಟ್ ವೀಸಾದಲ್ಲಿ ತರಿಸಿ, ಮೂರು ತಿಂಗಳಿಗೊಮ್ಮೆ ಸೇತುವೆ ದಾಟಿ ಬಹರೈನ್‌ಗೆ ಹೋಗಿ ಬಂದರೆ ಸದ್ಯಕ್ಕೆ ನಡೆಯುತ್ತದೆ, ಶಾಲೆಯದ್ದು ಆಮೇಲೆ ನೋಡುವ ಎನ್ನುತ್ತಾರೆ. ಅವರು ಅನಸನಿಗೆಂದು ಮಂಚ ಕೂಡ ನೋಡಿಟ್ಟಿದ್ದಾರೆ.

ಅನಸ್ ನನಗೆ ಭಾರವಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟದಿದ್ದರೆ ಏನಾಯಿತು? ಆದರೆ ಟಿಕೆಟ್ ತೆಗೆಯುವ ಮೊದಲು ಈ ಕಾಗದವನ್ನು ಕೊನೆಯವರೆಗೆ ಓದು. ಓದಿದ ಮೇಲೆ, ಉಳಿದ ಒಂದು ಮಗುವನ್ನು ಇವಳ ಕೈಗೆ ಕೊಡಬಹುದಾ ಬೇಡವಾ ಎಂದು ನೀನೇ ತೀರ್ಮಾನ ಮಾಡು.

ಇವರ ಕಂಪನಿಯ ಶರೀಫ್ ಟ್ರೈನಿಂಗಿಗೆಂದು ಅಮೆರಿಕಕ್ಕೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಈ ಕಾಲದಲ್ಲಿ ಕಾಗದ ಬರೆಯುವ ಹುಚ್ಚು ಎಂತದ್ದು ಎಂದು ನೀನು ಕೇಳಬಹುದು. ಇದು ಫೋನಿನಲ್ಲಿ ಹೇಳುವ ಮಾತಲ್ಲ. ಇನ್ನೊಂದು, ನಿನ್ನ ಗಂಡ ಹಾಶಿಮ್ ಇಲ್ಲಿಯ ಶಾಲೆಯಲ್ಲಿ ಇಂಗ್ಲಿಷ್ ಓದಿ ಬೆಳೆದವನು, ಅವನಿಗೆ ಕನ್ನಡ ಓದಲು ಬರುವುದಿಲ್ಲ. ಉಪ್ಪಿನಂಗಡಿಯ ಸರಕಾರಿ ಶಾಲೆಯಲ್ಲಿ ನಾವಿಬ್ಬರು ಕಲಿತ ಅಕ್ಷರ ಇದು. ಅವನಿಗೆ ಓದಿ ಹೇಳುವುದೂ ಬಿಡುವುದೂ ನಿನ್ನ ಇಷ್ಟ.

ಹೋದ ಬೇಸಿಗೆಯ ರಜೆಯಲ್ಲಿ ಮಕ್ಕಳು ಇಲ್ಲಿಗೆ ಬಂದಿದ್ದರಲ್ಲ, ಆಗಿನ ಒಂದು ಸಂಗತಿ ನಿನಗೆ ಹೇಳಿರಲಿಲ್ಲ. ಒಂದು ದಿನ ಫ್ಯಾಕ್ಟರಿಯ ಕಡೆಯಿಂದ ಸೈರನ್ ಕೂಗಿತು. ಇಲ್ಲಿ ಆಗಾಗ ಪರೀಕ್ಷೆಗೆಂದು ಕೂಗಿಸುತ್ತಾರೆ, ನಮಗೆ ಅದು ಕಿವಿಗೂ ಬೀಳುವುದಿಲ್ಲ. ನಾನು ಕೋರಿರೊಟ್ಟಿಗೆ ಕಾಯಿ ಹುರಿಯುತ್ತಿದ್ದೆ. ಹೊರಗೆ ಬಂದು ನೋಡುತ್ತೇನೆ, ಮಕ್ಕಳಿಬ್ಬರೂ ಇಲ್ಲ. ಹುಡುಕಿ ಹುಡುಕಿ ಕೊನೆಗೆ ಬಟ್ಟೆಯ ಕಪಾಟು ತೆರೆದರೆ, ನನ್ನ ಅಬಾಯಗಳ ಹಿಂದೆ ಝೋಯಾ ಮುದುಡಿ ಕುಳಿತಿದ್ದಾಳೆ, ತೊಡೆಯ ಮೇಲೆ ಅನಸ್, ಅವನ ಬಾಯಿಗೆ ಅವಳ ಕೈ. ಎಂತ ಮಕ್ಕಳೇ, ಕಣ್ಣಾಮುಚ್ಚಾಲೆಯಾ ಎಂದು ನಾನು ನಕ್ಕೆ. ಶಾಲೆಯಲ್ಲಿ ಹೀಗೆ ಕಲಿಸುತ್ತಾರೆ ದೊಡ್ಡಮ್ಮ, ಬಾಗಿಲು ಹಾಕ್ಬೇಕು, ದೀಪ ಆರಿಸ್ಬೇಕು, ಉಸಿರಿನ ಶಬ್ದ ಕೂಡ ಮಾಡ್ಬಾರ್ದು ಎಂದು ಅವಳು ಹೇಳಿದಳು. ಅಮೆರಿಕದಲ್ಲಿ ಮಗ್ಗಿ ಕಲಿಸುವ ಬದಲು ಅಡಗುವುದು ಕಲಿಸುತ್ತಾರಾ ಎಂದು ನಾನು ಮತ್ತೂ ನಕ್ಕೆ. ಅವಳು ನಗಲಿಲ್ಲ.

ನಮ್ಮೂರಲ್ಲಿ ಹಂದಿ ಓಡಿಸಲಿಕ್ಕೆ ಇಟ್ಟುಕೊಂಡ ಹಳೇ ಕೋವಿಯನ್ನೂ ಎಲೆಕ್ಷನ್ ಬಂತೆಂದರೆ ಸ್ಟೇಷನ್ನಿಗೆ ಒಪ್ಪಿಸಿ ರಶೀದಿ ತರಬೇಕು. ಅಲ್ಲಿ ಹತ್ತೊಂಬತ್ತು ವರ್ಷದ ಆ ಶೈತಾನ್ ಅಂಗಡಿಗೆ ಹೋಗಿ, ಮೀನು ತಂದ ಹಾಗೆ ಕೋವಿ ತಂದನಂತೆ, ಅದನ್ನೇ ಹಿಡಿದು ಝೋಯಾಳ ಶಾಲೆಗೆ ನುಗ್ಗಿದ. ಯಾವ ಸೀಮೆಯ ಕಾನೂನು ಅದು? ಏಳು ಮಕ್ಕಳು ಹಲೀಮತ್! ಏಳು ಮಕ್ಕಳು ಸತ್ತ ಮೇಲೂ ಆ ಅಂಗಡಿ ಮರುದಿನ ಬಾಗಿಲು ತೆರೆಯಿತು ಎಂದು ನೀನು ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಆದರೆ ಉರಿದುಕೊಳ್ಳಲು ನನಗೆ ಪೂರ್ತಿ ಹಕ್ಕಿಲ್ಲ. ಅದನ್ನೇ ಹೇಳಲಿಕ್ಕೆ ಈ ಕಾಗದ.

ಹೋದ ವಾರ ನೀನು ಝೋಯಾಳ ಟೀಚರನ್ನು ಆಸ್ಪತ್ರೆಯಲ್ಲಿ ಕಂಡು ಬಂದೆಯಲ್ಲ. ಅವರು ಹೇಳಿದ್ದನ್ನು ನನಗೆ ಹೇಳುವಾಗ ನೀನು ಅತ್ತದ್ದು ಈಗಲೂ ಕಿವಿಯಲ್ಲಿದೆ. ಕ್ಲಾಸಿನ ದೀಪ ಆರಿಸಿ ಎಲ್ಲರೂ ಗೋಡೆಗೆ ಒರಗಿ ಕುಳಿತಿದ್ದರು. ಆ ಶೈತಾನ್ ಬಾಗಿಲ ಮುಂದೆ ಹಾದು ಹೋಗಿಯೂ ಆಗಿತ್ತು. ಆಗ ಒಳಗೆ ಯಾರದ್ದೋ ಫೋನ್ ಹೊಡೆದುಕೊಂಡಿತು. ಹತ್ತು ಗಂಟೆ ನಲವತ್ತೆಂಟು ನಿಮಿಷ. ಅವನು ತಿರುಗಿ ಬಂದ. ಯಾವ ಮಗುವಿನ ತಾಯಿಯೋ ಕಾಣೆ ಅಕ್ಕ, ಆ ಹೊತ್ತಿಗೆ ಫೋನ್ ಮಾಡಿದವಳ ಕೈ ಸೇದಿ ಹೋಗಲಿ ಎಂದು ನೀನು ಶಾಪ ಹಾಕಿದೆ. ನಾನು ಆಮೀನ್ ಎನ್ನಲಿಲ್ಲ.

ಹಲೀಮತ್, ಆ ಫೋನ್ ಝೋಯಾಳದ್ದು. ಮಾಡಿದವಳು ನಾನು.

ಬಾಪ ಜುಬೈಲಿನ ಕ್ಯಾಂಪಿನಲ್ಲಿದ್ದಾಗ ನಮಗೆ ಮಿಸ್ಡ್ ಕಾಲ್ ಕೊಡುತ್ತಿದ್ದದ್ದು ನೆನಪಿದೆಯಲ್ಲ? ಮಾತಾಡಿದರೆ ದುಡ್ಡು, ರಿಂಗಿಗೆ ದುಡ್ಡಿಲ್ಲ. ಒಂದು ರಿಂಗ್ ಎಂದರೆ ನಾನು ಸುಖವಾಗಿದ್ದೇನೆ. ನಾವು ತಿರುಗಿ ಒಂದು ರಿಂಗ್ ಕೊಟ್ಟರೆ ನಾವೂ ಸುಖ. ರಜೆಯಲ್ಲಿ ಈ ಕಥೆ ಹೇಳಿದಾಗ ಝೋಯಾಳಿಗೆ ಎಷ್ಟು ಖುಷಿಯಾಯಿತು ಗೊತ್ತಾ! ನಾವೂ ಹಾಗೆ ಮಾಡುವ ದೊಡ್ಡಮ್ಮ ಎಂದಳು. ಇಲ್ಲಿ ರಾತ್ರಿಯ ಇಶಾ ನಮಾಝ್ ಆಗುವಾಗ ಅಲ್ಲಿ ಅವಳ ಶಾಲೆಯ ಮೊದಲ ಬಿಡುವು. ನಾನು ಒಂದು ರಿಂಗ್, ಅವಳು ತಿರುಗಿ ಒಂದು ರಿಂಗ್. ನಿನಗೆ ಗೊತ್ತಾದರೆ ಬೈಯುತ್ತೀ ಎಂದು ಇಬ್ಬರೂ ಗುಟ್ಟಾಗಿ ಇಟ್ಟೆವು. ಶಾಲೆಯಲ್ಲಿ ಫೋನ್ ಸೈಲೆಂಟ್ ಇರಬೇಕು ಎಂಬ ನಿಯಮ ಅವಳು ನನಗೆ ಹೇಳಿದ್ದಳು. ನಾನೇ ಖೋಬಾರಿನ ಮೊಬೈಲ್ ಅಂಗಡಿಗೆ ಕರೆದುಕೊಂಡು ಹೋಗಿ, ಫೋನ್ ಸೈಲೆಂಟ್ ಇದ್ದರೂ ನನ್ನ ನಂಬರ್ ಮಾತ್ರ ಹೊಡೆದುಕೊಳ್ಳುವ ಹಾಗೆ ಮಾಡಿಸಿ ಕೊಟ್ಟೆ. ನನ್ನ ರಿಂಗ್ ಅವಳಿಗೆ ತಪ್ಪಬಾರದು ಎಂಬ ಅಹಂಕಾರ ನನಗೆ, ಬೇರೆಂತ!

ಆ ಮಂಗಳವಾರ ಇಶಾ ಬಾಂಗ್ ಆಗುತ್ತಿತ್ತು. ಶಾಲೆಯ ಹತ್ತಿರ ಗುಂಡಿನ ಸದ್ದಾಗಿದೆಯಂತೆ, ದುಆ ಮಾಡಿ ಎಂದು ಹಾಶಿಮ್ ಮನೆಯವರ ಗ್ರೂಪಿಗೆ ಮೆಸೇಜ್ ಹಾಕಿದ. ದುಆ ಮಾಡು ಎಂದರೆ ದುಆ ಮಾಡಬೇಕಿತ್ತು. ನಾನು ಫೋನ್ ಹಿಡಿದೆ. ಒಂದು ರಿಂಗಿಗೆ ನಿಲ್ಲಿಸಲೂ ಇಲ್ಲ. ಮೂರು ಸಲ ಮಾಡಿದೆ, ಮಗು ಎತ್ತಲಿಲ್ಲ. ಕೊನೆಯದ್ದು ಇಲ್ಲಿಯ ಆರು ನಲವತ್ತೆಂಟಕ್ಕೆ. ನನ್ನ ಫೋನಿನಲ್ಲಿ ಈಗಲೂ ಇದೆ, ಅಳಿಸಿಲ್ಲ. ಆರು ನಲವತ್ತೆಂಟು ಎಂದರೆ ನಿಮ್ಮಲ್ಲಿ ಹತ್ತು ನಲವತ್ತೆಂಟು. ಟೀಚರ್ ಹೇಳಿದ ಹೊತ್ತನ್ನು ನೀನು ಹೇಳಿ ಫೋನ್ ಇಟ್ಟ ಮೇಲೆ ಅದನ್ನು ತೆಗೆದು ನೋಡಿದೆ, ಎರಡೂ ಒಂದೇ ಹೊತ್ತು.

ಅವಳು ತೀರಿಕೊಂಡ ವಾರದ ಶುಕ್ರವಾರ ಜುಮಾ ಮುಗಿಸಿ ಇಲ್ಲಿರುವ ನಮ್ಮೂರಿನವರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ದೂರದಲ್ಲಿ ತೀರಿಕೊಂಡವರಿಗಾಗಿ ಮಾಡುವ ಮಯ್ಯತ್ ನಮಾಝ್ ಮಾಡಿದರು. ಮೂವತ್ತು ಮೂವತ್ತೈದು ಜನ ಗಂಡಸರು ಹಾಲಿನಲ್ಲಿ, ಹೆಂಗಸರು ಒಳಕೋಣೆಯಲ್ಲಿ. ನಾನು ಸಾಲಿನಲ್ಲಿ ನಿಂತೆ. ಕೈ ಎತ್ತಿ ತಕ್ಬೀರ್ ಹೇಳಿದೆ. ಆಗ ನನಗೆ ಟೀಚರ್ ಹೇಳಿದ್ದು ಗೊತ್ತಿರಲಿಲ್ಲ. ಆದರೂ ಒಳಗೆ ಒಂದು ಅಳುಕು ಇತ್ತು. ಪಾಪ, ಮಗುವಿನ ಮೇಲೆ ಎಂತಹ ಪ್ರೀತಿ ಇವಳಿಗೆ ಎಂದು ಹೆಂಗಸರೆಲ್ಲ ನನ್ನ ಬೆನ್ನು ಸವರಿದರು.

ಗುಂಡು ಹೊಡೆದವನು ಅವನು, ನೀನಲ್ಲ ಎಂದು ಫಾರೂಕರು ಹೇಳಬಹುದು. ಅವರಿಗೆ ಇನ್ನೂ ಹೇಳಿಲ್ಲ. ನೀನೂ ಹಾಗೆ ಹೇಳಿದರೆ ನಾನು ಬದುಕಿಕೊಂಡೆ. ಹೇಳದಿದ್ದರೆ ಅದೂ ನ್ಯಾಯವೇ. ಝೋಯಾಳ ಫೋನ್ ಪೊಲೀಸರ ಹತ್ತಿರ ಇದೆ ಎಂದಿದ್ದಿ. ಒಂದಲ್ಲ ಒಂದು ದಿನ ಅದನ್ನು ನಿನ್ನ ಕೈಗೆ ಕೊಡುತ್ತಾರೆ. ಅದರಲ್ಲಿ ನನ್ನ ಹೆಸರು ನೋಡಿ ತಿಳಿಯುವುದಕ್ಕಿಂತ ಮೊದಲು ನನ್ನಿಂದಲೇ ನಿನಗೆ ತಿಳಿಯಲಿ. ಅನಸ್ ಬಂದು ಒಂದು ವರ್ಷ ನನ್ನ ಕೈಯ ಅನ್ನ ಉಂಡ ಮೇಲೆ ಗೊತ್ತಾದರೆ ನೀನು ಎಲ್ಲಿಗೆ ಹೋಗಬೇಕು, ನಾನು ಎಲ್ಲಿಗೆ ಹೋಗಬೇಕು?

ಈಗ ಹೇಳು. ಅವನನ್ನು ಕಳಿಸುತ್ತೀಯಾದರೆ ನನ್ನ ಉಸಿರಿರುವವರೆಗೆ ನೋಡಿಕೊಳ್ಳುತ್ತೇನೆ. ಕಳಿಸದಿದ್ದರೂ ಅವನನ್ನು ಆ ಶಾಲೆಗೆ ಕಳಿಸಬೇಡ. ಊರಿಗೆ ಕರೆದುಕೊಂಡು ಹೋಗು. ನಿನ್ನ ಉತ್ತರ ಬರುವವರೆಗೆ ನಾನಾಗಿ ನಿನಗೆ ಫೋನ್ ಮಾಡುವುದಿಲ್ಲ. ಹೊತ್ತಿಗೆ ಸರಿಯಾಗಿ ಒಂದು ತುತ್ತು ಊಟ ಮಾಡು, ಹಾಶಿಮನ ಮೇಲೆ ರೇಗಬೇಡ, ಅವನೂ ತಂದೆಯಲ್ಲವಾ.

ಕ್ಷಮೆ ಕೇಳಲೂ ಹೆದರುವ ನಿನ್ನ ಅಕ್ಕ,
ರಮ್ಲತ್

ವಿ.ಸೂ.: ಲಕೋಟೆ ಅಂಟಿಸಿ ಆಗಿತ್ತು. ಶರೀಫ್ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾರೆ. ಹರಿದು ಮತ್ತೆ ಬರೆಯುತ್ತಿದ್ದೇನೆ. ಮಗು ಎತ್ತಲಿಲ್ಲ ಎಂದು ಬರೆದದ್ದು ಸುಳ್ಳು. ಎರಡನೇ ಸಲ ಎತ್ತಿದಳು. ದೊಡ್ಡಮ್ಮ, ಫೋನ್ ಮಾಡ್ಬೇಡಿ ಎಂದು ಪಿಸುಗುಟ್ಟಿ ಇಟ್ಟಳು. ನನಗೆ ಸರಿಯಾಗಿ ಕೇಳಿಸಿತು, ಅರ್ಥವೂ ಆಯಿತು. ಮಗು ಬದುಕಿದೆ ಎಂದು ಅಲ್ಲೇ ನೆಲಕ್ಕೆ ಹಣೆ ಹಚ್ಚಿದೆ. ಹನ್ನೆರಡು ನಿಮಿಷ ತಡೆದುಕೊಂಡೆ ಹಲೀಮತ್. ಆಮೇಲೆ ತಡೆಯಲಾಗಲಿಲ್ಲ. ಇನ್ನೊಂದು ಸಲ ಅವಳ ದನಿ ಕೇಳಿದರೆ ಸಾಕು ಎಂದು ಮೂರನೇ ಸಲ ಮಾಡಿದೆ.