ಎದಿಯ ನಡುವಿನ ತುಂಡು

ಹತ್ತಿಮತ್ತೂರು, ತಾ. ಸವಣೂರು
ದಿ. ೩-೩-೧೯೮೦

ಪ್ರೀತಿಯ ತಮ್ಮ ಪರಮೇಶೀ,

ಆರಾಮ ಇದ್ದೀಯೇನು? ಅಲ್ಲೆ ಥಂಡಿ ಭಾಳ ಅಂತಿದ್ದಿ. ಅವ್ವ ಕಟ್ಟಿಕೊಟ್ಟ ಉಂಡಿ ನೀ ತಿಂದ್ಯೋ, ನಿನ್ನ ಪಲ್ಟನ್ನಿನವರ ತಿಂದು ತೀರಿಸಿದ್ರೋ? ಹೊಟ್ಟಿತುಂಬ ಉಣ್ಣು, ಬೆಚ್ಚಗ ಮಲಗು. ಇಷ್ಟು ಕೇಳೋದು ಅಕ್ಕನ ಧರ್ಮ, ಕೇಳೇನಿ. ಇನ್ನ ಬೈತೇನಿ, ಕುಂತು ಓದು.

ಗ್ರಹಣದ ದಿನ ನೀ ಮಾಡಿದ ಶಾಣೇತನ ಈಗ ನಮ್ಮ ಕೊಳ್ಳಿಗೆ ಬಂದೈತಿ. ಮದ್ಲ ಗ್ವಾಡಿ ಮ್ಯಾಲಿನ ನಿನ್ನ ಮಿಲ್ಟ್ರಿ ಫೋಟೋದ ಗಾಜು ತಗದು, ಅದಕ್ಕ ಚಿಮಣಿ ಮಸಿ ಹಚ್ಚಾಕ ಹೋಗಿ ಒಡದಿ. ಅಷ್ಟಕ್ಕ ಸುಮ್ನಾಗಬಾರದೇನೋ? ಟ್ರಂಕಿನಾಗ ಇಟ್ಟಿದ್ದ ಅಪ್ಪನ ಎಕ್ಸರೇ ತಗದು ಕತ್ತರಿ ಆಡಿಸಿದಿ. ಎರಡೂ ಬಾಜೂ ಕರ್ರಗ ಇದ್ದದ್ದನ್ನ ತುಂಡು ತುಂಡು ಮಾಡಿ, ಇದರಾಗ ಸೂರ್ಯನ್ನ ನೋಡ್ರಿ ಅಂತ ಓಣಿಗೆಲ್ಲಾ ಹಂಚಿದಿ. ಮಂದಿ ನಿನ್ನ ಹೊಗಳಿದ್ದ ಹೊಗಳಿದ್ದು! ಎರಡು ದಿನ ಬಿಟ್ಟು ಯಲವಿಗಿಯೊಳಗ ರೈಲು ಹತ್ತಿ ಹ್ವಾದಿ. ಇಲ್ಲೆ ಉಳದಾಕಿ ನಾನು.

ಅಪ್ಪನ ದನಿ ದೀಪಾವಳಿಯಿಂದ ಬಿದ್ದೈತಿ, ಅದು ನಿನಗ ಗೊತ್ತು. ಸವಣೂರಾಗ ಅವ ವೀಳ್ಯದೆಲಿ ಸವಾಲು ಕೂಗಿದ್ರ ಪ್ಯಾಟಿ ಆಚಿ ತುದಿಗೆ ಕೇಳ್ತಿತ್ತು. ಈಗ ನೀರು ಬೇಡಿದ್ರ ಬಾಜೂಕ ಕುಂತಾಕಿಗೆ ಕೇಳೂದಿಲ್ಲ. ಜೇಷ್ಠಮಧು, ಅರಿಷಿಣ ಹಾಲು, ಬಿಸಿ ಉಪ್ಪಿನ ಕಾವು, ಎಲ್ಲಾ ಗಂಟಲಿಗೇ ಮಾಡಿದ್ವಿ. ಹೋದ ವಾರ ಹುಬ್ಬಳ್ಳಿ ಡಾಕ್ಟರು ಹೊಸಾ ಎಕ್ಸರೇ ತಗಸಿ ನೋಡಿ, ಗಂಟಲಾಗ ಏನೂ ಇಲ್ಲವಾ, ಇದು ಎದಿಯೊಳಗಿಂದು ಅಂದ್ರು. ನನಗ ಸಿಟ್ಟ ಬಂತು. ದನಿಗೂ ಎದಿಗೂ ಏನ ಸಂಬಂಧ್ರೀ ಅಂದೆ. ಪಾಪ, ಅವ್ರು ಚೀಟಿ ಹಿಂದ ಚಿತ್ರ ತಗದು ತೋರಿಸಿದ್ರು. ಎರಡೂ ಕಡೆ ಪುಪ್ಪುಸ, ನಡುವ ಒಂದು ಇಕ್ಕಟ್ಟಿನ ಜಾಗ. ಹೃದಯ ಅಲ್ಲೇ. ಅದರಿಂದ ಹೊಂಟ ರಕ್ತದ ದೊಡ್ಡ ನಳಿ ಕಮಾನಿನಂಗ ಬಗ್ಗೂದು ಅಲ್ಲೇ. ಉಸಿರಿನ ನಳಿ, ಅದರ ಬೆನ್ನಿಗೆ ಅನ್ನದ ನಳಿ, ಅವೂ ಅಲ್ಲೇ. ದನಿ ಆಡಿಸೋ ನರ ಐತಲ್ಲ, ಅದು ತಲಿಯಿಂದ ಇಳದು, ಗಂಟಲ ದಾಟಿ, ಸೀದಾ ಎದಿಗೆ ಬಂದು, ಆ ಕಮಾನಿನ ಕೆಳಗ ಸುತ್ತು ಹಾಕಿ, ಮತ್ತ ಮ್ಯಾಲ ಗಂಟಲಿಗೆ ಹತ್ತತೈತಂತ. ನಮ್ಮನಿ ಮುಂದ ನಿಲ್ಲದೇ, ಸವಣೂರು ಸ್ಟ್ಯಾಂಡಿಗೆ ಒಯ್ದು, ತಿರುಗಿ ಬರೂ ಮುಂದ ಇಳಿಸೋ ಬಸ್ಸಿನಂಗ! ಗಂಟಲಿಗೇ ಹೋಗೂದಿತ್ತಂದ್ರ ಗಂಟಲಾಗೇ ಇಳೀಬಾರದೇನು, ಹಾಳಾದ್ದು? ಆ ಕಮಾನಿನ ಹತ್ರ ಒಂದು ಬಾವು ಐತಿ, ನರ ಒತ್ತಾಕತ್ತೈತಿ ಅಂದ್ರು.

ಎಳ್ಳಮಾಸಿ ಮುಂದ ಕೆಮ್ಮಿಗಂತ ತಗಸಿದ್ದಿವಲ್ಲ, ಆ ಹಳೇ ಎಕ್ಸರೇ ತರ್ರಿ, ಎರಡೂ ಬಾಜೂ ಬಾಜೂ ಹಿಡದು ನೋಡ್ತೇನಿ ಅಂದಾರ. ಬಾವು ಆಗೂ ಇಷ್ಟ ಇದ್ರ ಔಷಧ ಕೊಟ್ಟು ನೋಡೂದಂತ, ಬೆಳದಿದ್ರ ಒಂದು ದಿನಾನೂ ತಡಾ ಮಾಡದೇ ಆಪರೇಶನ್ನಂತ. ಹದಿನೇಳನೇ ತಾರೀಖಿಗೆ ಕರದಾರ. ನಿನ್ನ ಗ್ರಹಣದ ಕತಿ ಅವ್ರಿಗೆ ಹೆಂಗ ಹೇಳಲಿ? ಹೂಂರೀ ಅಂದು ಬಂದೆ.

ಮನಿ ಮನಿ ತಿರಿಗೇನಿ, ಬೇಡಾಕ ಹೋದಾಕಿಯಂಗ. ಚಾಂದಬಿ ಪುಣ್ಯಾತಗಿತ್ತಿ, ನೀ ಕೊಟ್ಟ ತುಂಡನ್ನ ಬಟ್ಟಿ ಗಂಟಿನಾಗ ಜ್ವಾಕಿಯಿಂದ ಇಟ್ಟಿದ್ಲು. ಆ ಮಾಳಪ್ಪ ತನ್ನ ಬ್ಯಾಟ್ರಿಯ ಗಾಜು ಒಡದೈತಂತ ನಮ್ಮ ತುಂಡನ್ನ ಗುಂಡಗ ಕತ್ತರಿಸಿ ಹಾಕ್ಯಾನ, ಬೆಳಕ ಬೀಳವಲ್ದು ಅಂತ ನನ್ನ ಮ್ಯಾಲೇ ಹರಿಹಾಯ್ದ! ಎಲ್ಲಾ ತಂದು ಚಾಪಿ ಮ್ಯಾಲ ಜೋಡಿಸಿದ್ರ ಅಪ್ಪನ ಎರಡೂ ಪುಪ್ಪುಸ ಬಂದ್ವು, ನಡುವಿಂದ ಇಲ್ಲ. ಡಾಕ್ಟರಿಗೆ ಬೇಕಾದದ್ದ ಅದು. ಅದು ತಿಳಿ ಇತ್ತು, ಬಿಸಿಲು ಕಣ್ಣಿಗೆ ಹೊಡೀತಿತ್ತು ಅಂತ ಯಾರೂ ಒಯ್ದಿಲ್ಲ. ಹಂಗಾರ ಹೋತೆಲ್ಲೆ? ತಿಪ್ಪಿ ಕೆದರೇನಿ, ಒಲಿ ಬೂದಿ ಜಾಲಾಡೇನಿ, ಅವ್ವನ ಜೋಡಿ ಜಗಳಾಡೇನಿ. ಅಪ್ಪನ್ನ ಕೇಳಿದ್ರ ಮಾರಿ ಆಕಡೆ ತಿರುಗಿಸ್ತಾನ. ನೀ ಏನರೆ ನಿನ್ನ ಪೆಟ್ಟಿಗ್ಯಾಗ ಹಾಕ್ಕೊಂಡು ಹೋಗೀಯೇನು? ಹೋಗಿದ್ರ ಇವತ್ತ ರಜಿಸ್ಟರ್ ಮಾಡಿ ಕಳಸು. ನನಗ ಸಾಕಾಗೇತಿ, ಅಳೂ ಬರಾಕತ್ತೈತಿ.

ಅವ್ವನ ಆಶೀರ್ವಾದ, ಅಪ್ಪನ ಆಶೀರ್ವಾದ ಅದಾವು. ನನ್ನವು ಸಿಟ್ಟು ಇಳದ ಮ್ಯಾಲ.

ನಿನ್ನ ಅಕ್ಕ,
ಶಾರವ್ವ

ತಾ.ಕ.: ಪಾಕೀಟ ಅಂಟಿಸೂದರಾಗ ತುಂಡು ಸಿಕ್ತು. ನಿನ್ನ ಫೋಟೋಕ್ಕ ಗಾಜು ಇದ್ದಿಲ್ಲಲ್ಲ, ಅಪ್ಪ ಅದನ್ನ ಚೌಕಟ್ಟಿಗೆ ಹೊಂದಿಸಿ ಹಿಂದ ಸಣ್ಣ ಮೊಳಿ ಬಡದಾನ. ಮಾರಿ ನೀಲಿ ನೀಲಿ ಯಾಕ ಕಾಣತೈತಿ ಅಂತ ಇಳಿಸಿ ನೋಡಿದೆ. ಅಪ್ಪನ ಹೃದಯ, ಆ ಕಮಾನು, ಎಲ್ಲಾ ನಿನ್ನ ಮಾರಿ ಮ್ಯಾಲ ಅದಾವು. ಮೊಳಿ ಕೀಳಾಕ ಹೋದ್ರ ಕೈ ಹಿಡದ. "ಫೋಟೋಕ್ಕ ಧೂಳ ಕುಂದರತೈತಿ. ಅಂವ ಬಂದು ತಗೀಲಿ, ಆಮ್ಯಾಲ ದವಾಖಾನಿ" ಅಂತ ಬರೇ ಉಸಿರಿನಾಗ ಅಂದ. ಕಸಗೊಂಡ್ರ ಹುಬ್ಬಳ್ಳಿಗೇ ಬರಾಂಗಿಲ್ಲಂತ. ಬೈದೆ, ಕೈ ಮುಗದೆ, ಒಲ್ಲೆ ಅಂತಾನ. ಹದಿನೇಳರೊಳಗ ಬಾ, ಪರಮೇಶಿ. ಕೂಗಿ ಕರ್ಯಾಕ ಅವಗ ದನಿ ಇಲ್ಲ.