ಅಳದ ಕೂಸಿಗೆ ಮೊದಲ ಸರದಿ

ಗದಗ, ಫೆಬ್ರವರಿ ೩೦, ೨೧೬೮

ಮುತ್ತಜ್ಜಿ ಶಶಿರೇಖಾ ಅವರಿಗೆ,

ನಸುಕಿನ ಮೂರು ಗಂಟೆ. ಟಿಣ್ ಎಂಬ ಸದ್ದಿಗೆ ಎಚ್ಚರವಾಯಿತು. ತಾರೀಖು ವಿಚಿತ್ರವೆನಿಸಿದರೆ ಕ್ಷಮಿಸಿ. ತಿಂಗಳುಗಳನ್ನೆಲ್ಲ ಸಮ ಮಾಡಿ ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳೂ ನಿಮಗೆ ಹೊಸವು. ಇದು ಹಿಂದೋಲೆ, ಅಂದರೆ ಹೋದ ಕಾಲಕ್ಕೆ ಹೋಗುವ ಕಾಗದ. ಜೀವಮಾನಕ್ಕೆ ಒಂದೇ ಸಿಗುತ್ತದೆ. ಅದನ್ನು ಕ್ಷೇಮಸಮಾಚಾರಕ್ಕೆ ದಂಡ ಮಾಡಲಾರೆ.

ಇಲ್ಲಿ ಹುಟ್ಟಿದ ದಿನವೇ ಮುಂಗೈಗೆ ತಾಳುಮಣಿ ಕಟ್ಟುತ್ತಾರೆ. ಕಡಲೆಕಾಳಿನಷ್ಟು ದಪ್ಪ, ಅಳೆಯುವುದು ತಾಳ್ಮೆಯನ್ನು. ನೀರಿಗೆ, ರೇಷನ್ನಿಗೆ, ವೈದ್ಯರಿಗೆ ಸರದಿ ನಿಲ್ಲಿಸುವುದು ಅದೇ. ಸುಮ್ಮನಿದ್ದವರು ಮುಂದೆ, ದನಿ ಎತ್ತಿದವರು ಹಿಂದೆ. ಹೆಣ್ಣು ನೋಡಲು ಬಂದವರೂ ಮೊದಲು ಮಣಿ ನೋಡುತ್ತಾರೆ. ನಲ್ಲಿಯ ಮುಂದೆ ನಮ್ಮ ಹೆಂಗಸರು ಜಗಳವಾಡುವುದಿಲ್ಲ, ಹಲ್ಲು ಕಚ್ಚಿಕೊಂಡು ನಗುತ್ತಾರೆ. ದವಡೆನೋವು ಮನೆಮನೆಯ ಕಾಯಿಲೆ. ಅದಕ್ಕೂ ಸರದಿ ಇದೆ.

ನನ್ನ ಮಗಳು ಹೊನ್ನಿಗೆ ಎಂಟು ತಿಂಗಳು. ಸೋಮವಾರದಿಂದ ಜ್ವರ, ಎದೆಯಲ್ಲಿ ಗೊರಗೊರ. ಅತ್ತಳು, ಕೂಸಲ್ಲವೇ. ಅತ್ತ ಹಾಗೆಲ್ಲ ನಮ್ಮ ಸರದಿ ಹಿಂದೆ ಹಿಂದೆ ಹೋಯಿತು. ಆಸ್ಪತ್ರೆಗೆ ಫೋನ್ ಮಾಡಿ ಕೇಳಿದರೆ, ತಾಯಿಯ ದನಿಯೂ ಏರಿದೆಯೆಂದು ಇನ್ನಷ್ಟು ಹಿಂದೆ ತಳ್ಳಿದರು. ಈಗ ಬಂದ ಟಿಣ್ ಸದ್ದು ಅವಳ ಮಣಿಯದು. ಒಂದೇ ಏಟಿಗೆ ನಾವು ಮುಂದೆ ಬಂದಿದ್ದೇವೆ. ನಮ್ಮತ್ತೆ ದೀಪ ಹಾಕಿ ನೋಡಿ ಹಿಗ್ಗಿದರು.

"ನೋಡವಾ, ನಮ್ಮ ಹೊನ್ನಿ ತಾಳ್ಮಿ ಕಲತ್ಳು."

ಕಲಿತಿಲ್ಲ ಮುತ್ತಜ್ಜಿ. ಅಳಲು ಅವಳಿಗೆ ಉಸಿರಿಲ್ಲ. ತುಟಿ ನೇರಳೆಯಾಗಿದೆ. ಮುಂದೆ ಇನ್ನೂ ಹನ್ನೊಂದು ಜನರಿದ್ದಾರೆ, ಎಲ್ಲರೂ ಬಹಳ ಸಭ್ಯರು. ನಾನು ಕಿರುಚಿದರೆ ಅವಳು ಹಿಂದೆ ಹೋಗುತ್ತಾಳೆ. ಅದಕ್ಕೇ ಸೆರಗು ಬಾಯಲ್ಲಿ ತುರುಕಿಕೊಂಡು ಬರೆಯುತ್ತಿದ್ದೇನೆ.

ಇದು ಶುರುವಾದದ್ದು ನಿಮ್ಮಿಂದ. ಈ ಓಲೆ ನಿಮ್ಮ ಕೈ ಸೇರುವ ದಿನದ ಸಂಜೆ, ನಿಮ್ಮೂರ ದವಾಖಾನೆಯಲ್ಲಿ ಯಾರೋ ಕೂಗಾಡಿ ನಿಮಗಿಂತ ಮೊದಲು ಒಳಗೆ ಹೋದ. ನಿಮಗೆ ಸಿಟ್ಟು ಬಂತು, ನ್ಯಾಯವೇ. ಆದರೆ ಆ ಸಿಟ್ಟನ್ನು ಅವನ ಮುಖಕ್ಕೆ ಹೇಳಬೇಕಿತ್ತು. ನೀವು ಓದಿದವರು, ಮರ್ಯಾದಸ್ಥರು; ಡಾಕ್ಟರ್ ಇಟಗಿಯವರ ಹತ್ತಿರ ಹೋಗಿ, ಗಲಾಟೆ ಮಾಡುವವರನ್ನು ಕೊನೆಗೆ ನೋಡಿ, ಸುಮ್ಮನೆ ಕೂತವರನ್ನು ಮೊದಲು ನೋಡಿ ಎಂದಿರಿ. ಅವರಿಗದು ಬಹಳ ಹಿಡಿಸಿತು. ಯಾರ ನೋವು ಹೆಚ್ಚು ಎಂದು ನೋಡಿ ಎನ್ನಲು ನಿಮಗೇಕೆ ತೋಚಲಿಲ್ಲ? ನಿಮ್ಮ ತೊಡೆಯ ಮೇಲೂ ಕೂಸಿತ್ತಲ್ಲ. ಅದು ನಿದ್ದೆ ಮಾಡುತ್ತಿತ್ತು, ಅಷ್ಟೇ.

ಬೆಳಗಾದರೆ ಅವರು ಅದನ್ನು ಗೋಡೆಗೆ ಬರೆಸುತ್ತಾರೆ. ಆ ಗೋಡೆಬರಹವೇ ಬೆಳೆದು ಬೆಳೆದು ಇಂದು ನನ್ನ ಮಗಳ ಕೈಯ ಮಣಿಯಾಗಿದೆ.

ಅವರ ನಂಬರು ನಿಮ್ಮಲ್ಲಿದೆ. ಹೊತ್ತಲ್ಲದ ಹೊತ್ತು, ಏನಂದುಕೊಳ್ಳುತ್ತಾರೋ ಎನ್ನಬೇಡಿ. ಎಬ್ಬಿಸಿ. ಕೂಗಿ ಹೇಳಿ, ನಾನು ಅಂದದ್ದು ತಪ್ಪು ಎಂದು. ನಿಮ್ಮ ಕಾಲದಲ್ಲಿ ಕೂಗಿದರೆ ಯಾರೂ ಹಿಂದೆ ತಳ್ಳುವುದಿಲ್ಲ. ಕಾಲಿಗೆ ಬೀಳುತ್ತೇನೆ, ಬೆಳಕು ಹರಿಯುವ ಮುಂಚೆ ಒಂದು ಫೋನ್ ಮಾಡಿ.