ಎಮ್ಮೆಲ್ಲೆ ಸಾರ್‌ಗೆ ಬಿಟ್ಟ ಜಾಗ

ಗೌರೀಶಂಕರ,

ನಿನ್ನ ಭಾಷಣದ ಧಾಟಿಯಲ್ಲೇ ಹೇಳುತ್ತೇನೆ: ಬನಶಂಕರಿಯ ಸಮಸ್ತ ಮಹಾಜನತೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನನ್ನ ಮಗಳು ಲಿಖಿತಾಳ ಮದುವೆಯ ಆಲ್ಬಮ್ ಬಂದಿದೆ!

ಮೂರು ಸಲ ಗೆದ್ದ ಶಾಸಕ ನೀನು. ಕ್ಷೇತ್ರದ ಒಂದು ಮದುವೆಯನ್ನೂ ಬಿಟ್ಟವನಲ್ಲ. ಫೋಟೋಗೆ ನಿಂತು, ಊಟ ಮಾಡದೆ ಮುಂದಿನ ಛತ್ರಕ್ಕೆ ಓಡುತ್ತಿದ್ದೆ. ನೀನು ಪಕ್ಷ ಬದಲಿಸಿದ ಮೇಲೆ, ಹಳೇ ಗೆಳೆಯರಾದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ನೀನು ತೀರಿಕೊಂಡೆ.

ಮಂಟಪದಲ್ಲಿ ಫೋಟೋಗ್ರಾಫರ್ ಕೈಲಾಸ್ ಅಭ್ಯಾಸಬಲದಿಂದ ಕೂಗಿದ: “ಅಂಕಲ್, ಸ್ವಲ್ಪ ಸರೀರಿ, ಎಮ್ಮೆಲ್ಲೆ ಸಾರ್‌ಗೆ ಜಾಗ ಬಿಡಿ!” ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ.

ನಾನು ಸರಿದು ನಿಂತೆ. “ಹಂಗೇ ಹೊಡಿಯಪ್ಪ” ಅಂದೆ.

“ಏನ್ರೀ ಇದು, ಮಗಳ ಪಕ್ಕ ಇಷ್ಟು ಖಾಲಿ? ಕತ್ತರಿಸಿ ಫ್ರೇಮ್ ಹಾಕ್ಸಿ” ಅನ್ನುತ್ತಿದ್ದಾಳೆ, ಆಲ್ಬಮ್‌ನಲ್ಲಿ ಆ ಫೋಟೋ ನೋಡಿದ ನನ್ನ ಹೆಂಡತಿ ಶಾಂತಾದೇವಿ.

ದಯವಿಟ್ಟು ಅವಳ ಕನಸಿಗೆ ಬಂದು, ಬೇಡ ಅಂತ ಹೇಳು. ಮೂರು ಸಲವೂ ನಿನಗೇ ಓಟು ಹಾಕಿದವಳು, ನಿನ್ನ ಮಾತಾದರೆ ಕೇಳುತ್ತಾಳೆ.